ಬೂಷ್ಟಿನ ವಿಷವೂ ಯಕೃತ್ತಿನ ಕೋಶವಿಕಾರಗಳೂ

ಯಕೃತ್ತು ರಕ್ತದಿಂದ ಹುಟ್ಟಿದುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುವುದು. ಚರಕಸಂಹಿತೆಯು ಕಾಮಲಾರೋಗವನ್ನು ಪಾಂಡುರೋಗದ ಪ್ರಕರಣದಲ್ಲಿಯೇ ಸೇರಿಸಿ, ಕಣ್ಣು, ಚರ್ಮ, ಉಗುರುಗಳು ಹಳದಿಯಾಗುವುದನ್ನು ಅದರ ಲಕ್ಷಣಗಳಲ್ಲಿ ಎಣಿಸಿದೆ. ಪ್ರಾಚೀನರಿಗೆ ಗೋಚರವಾದುದು ಹೊರಗಣ ಲಕ್ಷಣ. ಅದಕ್ಕೆ ಬಹು ಪೂರ್ವದಲ್ಲಿಯೇ ಒಳಗೆ ನಡೆಯುವ ವಿಕಾರವನ್ನು ತೋರಿಸಿಕೊಟ್ಟುದು ಸೂಕ್ಷ್ಮದರ್ಶಕ ಯಂತ್ರ.

ಈ ವಿಕಾರಗಳಲ್ಲಿ ಆಹಾರದ ಬೂಷ್ಟಿನಿಂದುಂಟಾಗತಕ್ಕವು ಹಾವೇರಿಯ ಸೀಮೆಗೆ ವಿಶೇಷವಾಗಿ ವಿಚಾರಾರ್ಹವಾಗಿವೆ. ಹಾವೇರಿ, ರಾಣೆಬೆನ್ನೂರುಗಳ ಸುತ್ತಣ ಹೊಲಗಳಲ್ಲಿ ಗೋವಿನಜೋಳವು ಹೇರಳವಾಗಿ ಬೆಳೆಯುವುದು, ಶೇಂಗಾವೂ ಉಂಟು. ಬ್ಯಾಡಗಿಯ ಪೇಟೆಯಾದರೋ ಮೆಣಸಿನಕಾಯಿಗೆ ಪ್ರಸಿದ್ಧವಾದುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಈ ಮೂರು ಪದಾರ್ಥಗಳಿಗೂ ಸಮಾನ ಶತ್ರುವೊಂದುಂಟು. ಅದೇ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸುರು ಹಳದಿ ಬಣ್ಣದ ಬೂಷ್ಟು. ತೇವವೂ ಸೆಕೆಯೂ ಕೂಡಿದಲ್ಲಿ ಇದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವುದು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯನ್ನು ಶೋಧಿಸಿದಾಗ ಈ ವಿಷವು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನುಂಡ ಜನರಲ್ಲಿ ಕಾಮಾಲೆಯೂ ಜಲೋದರವೂ ಕಾಣಿಸಿಕೊಂಡು, ರೋಗಿಗಳೆಂದು ಗುರುತಿಸಲ್ಪಟ್ಟ 397 ಮಂದಿಯಲ್ಲಿ 106 ಮಂದಿ ಮೃತರಾದರು. ಯಕೃತ್ತಿನ ತುಣುಕುಗಳನ್ನು ಪರೀಕ್ಷಿಸಿದಾಗ ಪಿತ್ತನಾಳಗಳು ಅತಿಯಾಗಿ ಬೆಳೆದಿದ್ದುದು ಕಂಡುಬಂದಿತು.

ವಿಕೃತಿಯನ್ನು ತಿಳಿಯಬೇಕಾದರೆ ಪ್ರಕೃತಿಯನ್ನು ಮೊದಲು ತಿಳಿಯಬೇಕು. ಯಕೃತ್ತಿನ ಜೀವಕೋಶವು ಹಲವು ಮೂಲೆಗಳುಳ್ಳದ್ದು. ಅದರ ನಡುವೆ ದುಂಡಾದ ಕೋಶಕೇಂದ್ರ, ಕೇಂದ್ರದೊಳಗೆ ಕಿರುಕೇಂದ್ರ. ಸುತ್ತಲೂ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳು, ಪದರಪದರವಾದ ಪೊರೆಗಳ ಜಾಲ. ಈ ಜಾಲದಲ್ಲಿ ಎರಡು ಬಗೆ. ರೈಬೋಸೋಮ್ ಕಣಗಳು ಅಂಟಿಕೊಂಡ ಒರಟು ಜಾಲವು ಪ್ರೋಟೀನುಗಳನ್ನು ನಿರ್ಮಿಸುವುದು. ಕಣಗಳಿಲ್ಲದ ನುಣುಪು ಜಾಲವು ವಿಷಪದಾರ್ಥಗಳನ್ನು ಮಾರ್ಪಡಿಸಿ ಹೊರಹಾಕಲು ಅಣಿಗೊಳಿಸುವುದು.

ಅಫ್ಲಟಾಕ್ಸಿನ್ ವಿಷಯದಲ್ಲಿ ರಕ್ಷಕನೇ ಭಕ್ಷಕನಾಗುವನು. ಹೇಗೆಂದರೆ, ನುಣುಪು ಜಾಲದ ಕಿಣ್ವಗಳು ವಿಷವನ್ನು ಮಾರ್ಪಡಿಸುವಾಗ ಮೂಲಕ್ಕಿಂತಲೂ ಉಗ್ರವಾದ ರೂಪವೊಂದು ಹುಟ್ಟುವುದು. ಅದರ ಬಹುಭಾಗವನ್ನು ಕೋಶದಲ್ಲಿರುವ ಗ್ಲುಟಥಯೋನ್ ಹಿಡಿದು ನಿರ್ವಿಷಗೊಳಿಸುವುದು. ಉಳಿದುದು ಕೋಶಕೇಂದ್ರವನ್ನು ಹೊಕ್ಕು ಡಿಎನ್‌ಎಗೆ ಅಂಟಿಕೊಳ್ಳುವುದು. ಆಗ ಕಿರುಕೇಂದ್ರದ ಘಟಕಗಳು ಬೇರ್ಪಟ್ಟು ನಿಲ್ಲುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ರೈಬೋಸೋಮುಗಳು ಒರಟು ಜಾಲದಿಂದ ಉದುರುವುವು. ಪ್ರೋಟೀನಿನ ನಿರ್ಮಾಣ ಕುಂದಿದುದರಿಂದ, ಅದರೊಡನೆ ಕೂಡಿ ಹೊರಹೋಗಬೇಕಾದ ಕೊಬ್ಬು ಕೋಶದಲ್ಲಿಯೇ ಹನಿಹನಿಯಾಗಿ ನಿಲ್ಲುವುದು. ಈ ಹನಿಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಗೋಚರ. ಇಷ್ಟರವರೆಗಿನ ಕೆಡುಕು, ವಿಷವು ನಿಂತರೆ, ಬಹುಮಟ್ಟಿಗೆ ಸರಿಹೋಗಬಲ್ಲುದು. ಮುಂದುವರಿದರೆ ಕೋಶಗಳು ಸಾಯುವುವು. ಸತ್ತೆಡೆಯಲ್ಲಿ ನಾರು ಬೆಳೆಯುವುದು. ಡಿಎನ್‌ಎಯಲ್ಲಿ ಉಳಿದ ದೋಷವು ಅರ್ಬುದಕ್ಕೆ ಬೀಜವಾಗಬಹುದು. ಈ ವಿಷವು ಹೆಚ್ಚಾಗಿರುವ ನಾಡುಗಳ ಯಕೃತ್ತಿನ ಅರ್ಬುದಗಳಲ್ಲಿ ಪಿ53 ಎಂಬ ಜೀನಿನ 249ನೆಯ ಸ್ಥಾನವು ಕೆಟ್ಟಿರುವುದು 1991ರಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ಸೋಂಕೂ ಜೊತೆಗೂಡಿದರೆ ಅಪಾಯವು ಹಲವು ಮಡಿ ಹೆಚ್ಚುವುದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಮೆಣಸಿನಕಾಯಿಯನ್ನು ತಿನ್ನುವುದು ಅತ್ಯಲ್ಪ, ಅದೂ ಬೆಂದು ಹುರಿದು ಬರುವುದು, ಭಯವೇಕೆ? ಸಮಾಧಾನವಿಷ್ಟು. ಮೆಣಸಿನಕಾಯಿಯ ಪಾಲು ಅಲ್ಪವೆಂಬುದು ನಿಜ. ಮುಖ್ಯ ಅನ್ನವಾದ ಧಾನ್ಯದಿಂದಲೇ ಹೆಚ್ಚು ಅಪಾಯ. ಆದರೆ ಈ ವಿಷವು ಅಡಿಗೆಯ ಸಾಮಾನ್ಯ ಕಾವಿಗೆ ಪೂರ್ಣವಾಗಿ ಅಳಿಯದು. ಹಲವು ಮೂಲಗಳಿಂದ ಬಂದ ಅಲ್ಪಗಳು ಒಂದೇ ಯಕೃತ್ತಿನಲ್ಲಿ ಕೂಡುವುವು. ಐರೋಪ್ಯ ಒಕ್ಕೂಟವು ಒಣಮೆಣಸಿನಕಾಯಿಗೆ ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 10 ಮೈಕ್ರೋಗ್ರಾಮ್, ಎಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಆದಕಾರಣ ಅಲ್ಪವೆಂಬ ಮಾತು ಇಲ್ಲಿ ಅಭಯವನ್ನು ಕೊಡಲಾರದು; ವ್ಯಾಪಾರಕ್ಕೂ ಇದರಿಂದ ಹಾನಿಯುಂಟು.

ಪರಿಹಾರವು ಔಷಧದಲ್ಲಿಲ್ಲ, ಕಣದಲ್ಲಿದೆ. ಬರಿನೆಲದಲ್ಲಿ ಹರಡದೆ ತಾಡಪತ್ರಿಯ ಮೇಲೆ ಒಣಗಿಸುವುದು, ಇಬ್ಬನಿ ಮಳೆಗಳಿಗೆ ಒಡ್ಡದಿರುವುದು, ತೂಕಕ್ಕಾಗಿಯೋ ಮುರಿಯದಿರಲೆಂದೋ ನೀರು ಚಿಮುಕಿಸದಿರುವುದು, ಕಪ್ಪಾದ ಒಡೆದ ಕಾಯಿಗಳನ್ನು ಆರಿಸಿ ತೆಗೆಯುವುದು ಇವೇ ಮುಖ್ಯ. ಮೆಣಸಿನಕಾಯಿಯ ತೇವವು ನೂರಕ್ಕೆ 10ರ ಆಸುಪಾಸಿಗೂ, ಗೋವಿನಜೋಳದ ತೇವವು 13ರ ಆಸುಪಾಸಿಗೂ ಇಳಿದರೆ ಬೂಷ್ಟು ಬೆಳೆಯಲಾರದು. ಇಡಿಯ ಕಾಯಿಯಲ್ಲಿನ ಬೂಷ್ಟನ್ನು ಕಣ್ಣು ಬಹುಮಟ್ಟಿಗೆ ಗುರುತಿಸಬಲ್ಲುದು. ಪುಡಿಯಾದ ಬಳಿಕ ಗುರುತಿಸಲಾರದು. ಯಕೃತ್ತಾದರೋ ಬಹುಕಾಲ ನೋವನ್ನು ಹೇಳಿಕೊಳ್ಳದ ಅವಯವ. ಅದು ಹೇಳುವವರೆಗೆ ಕಾಯದೆ, ಆರಿಸುವ ಕೈ ಕಣದಲ್ಲಿಯೇ ಎಚ್ಚರವಾಗಿರತಕ್ಕುದು.