ಮೂಲಂಗಿ ಬೀಜದ ಕಾವಲು: ಶಿಲೀಂಧ್ರ ಸೋಂಕಿಗೆ ಸಸ್ಯ ಪೆಪ್ಟೈಡುಗಳು

ನಾಟ್ರಾಂಪಾಳ್ಯದಿಂದ ಮಾತಾಡ್ತಿದ್ದೇನೆ. ಸಸ್ಯಗಳ ಡಿಫೆನ್ಸಿನ್ ಪೆಪ್ಟೈಡುಗಳು ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕಿಗೆ ಔಷಧಿ ಆಗಬಲ್ಲವೇ ಅನ್ನೋದು ಇವತ್ತಿನ ಪ್ರಶ್ನೆ.

ಈಗಲೇ ಯಾಕೆ ಈ ಪ್ರಶ್ನೆ? ನಮ್ಮ ದೇಶದಲ್ಲಿ ಹುಳುಕಡ್ಡಿ ಮೊದಲಿನಷ್ಟು ಸುಲಭವಾಗಿ ವಾಸಿಯಾಗುತ್ತಿಲ್ಲ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೊಟಿನಿಯೆ ಇದಕ್ಕೆ ಒಂದು ದೊಡ್ಡ ಕಾರಣ. ಟರ್ಬಿನಾಫಿನ್ ಮಾತ್ರೆ ಶಿಲೀಂಧ್ರದ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಈ ಪ್ರಭೇದದ ಹಲವು ತಳಿಗಳಲ್ಲಿ ಆ ಕಿಣ್ವವೇ ಬದಲಾಗಿರುವುದರಿಂದ ಮಾತ್ರೆ ನಾಟೋದಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಅಡಗುತ್ತದೆ, ಸೋಂಕು ಮಾತ್ರ ಹರಡುತ್ತಲೇ ಇರುತ್ತದೆ. ಹೊಸ ಗುರಿ ಬೇಕು.

ಆ ಗುರಿಯನ್ನು ಮೂಲಂಗಿ ಬೀಜ ತೋರಿಸಿತು. 1992ರಲ್ಲಿ ಬೆಲ್ಜಿಯಂನ ಲ್ಯೂವೆನ್ ತಂಡ ಅದರಿಂದ ಆರ್‌ಎಸ್-ಎಎಫ್‌ಪಿ2 ಎಂಬ ಪೆಪ್ಟೈಡನ್ನು ಬೇರ್ಪಡಿಸಿದ ವರದಿ ಪ್ರಕಟಿಸಿತು. ಬರೀ 51 ಅಮೈನೋ ಆಮ್ಲಗಳು, ಅವನ್ನು ಬಿಗಿಯಾಗಿ ಹಿಡಿದಿಡುವ ನಾಲ್ಕು ಗಂಧಕದ ಸೇತುವೆಗಳು. ಬೀಜ ನೆನೆದು ಸಿಪ್ಪೆ ಬಿರಿಯುವಾಗ ಇದು ಹೊರಗೆ ಬಂದು ಮೊಳಕೆಯ ಸುತ್ತ ಶಿಲೀಂಧ್ರವನ್ನು ತಡೆಯುತ್ತದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕುವ ಸಾಸಿವೆಯೂ ಮೂಲಂಗಿಯ ಕುಟುಂಬದ್ದೇ. ಅದರ ಬೀಜದಲ್ಲೂ ಇಂಥ ಪೆಪ್ಟೈಡುಗಳಿವೆ.

ಇದರ ಕೆಲಸದ ರೀತಿ ಗಮನಿಸಿ. ಶಿಲೀಂಧ್ರದ ಕೋಶಪೊರೆಯಲ್ಲಿ ಗ್ಲುಕೋಸಿಲ್‌ಸೆರಮೈಡ್ ಎಂಬ ಕೊಬ್ಬಿನ ಅಣು ಇದೆ. ಪೆಪ್ಟೈಡ್ ಅದಕ್ಕೇ ಅಂಟಿಕೊಂಡು ಕೋಶವನ್ನು ಸಾವಿನತ್ತ ದೂಡುತ್ತದೆ. ನಮ್ಮ ಕೋಶಗಳಲ್ಲೂ ಈ ಅಣು ಇದೆ, ಆದರೆ ರಚನೆ ಬೇರೆ. ಪೆಪ್ಟೈಡ್ ಅದನ್ನು ಹಿಡಿಯೋದಿಲ್ಲ. ಟರ್ಬಿನಾಫಿನ್ ತಡೆಯುವ ಕಿಣ್ವಕ್ಕೂ ಈ ದಾರಿಗೂ ಸಂಬಂಧವಿಲ್ಲ. ಭರವಸೆ ಇರೋದು ಇಲ್ಲೇ. ಮಿತಿಯೂ ಇಲ್ಲೇ ಇದೆ: ಈ ಅಣುವೇ ಇಲ್ಲದ ಕ್ಯಾಂಡಿಡಾ ಗ್ಲಾಬ್ರೇಟಾಗೆ ಏನೂ ಆಗೋದಿಲ್ಲ.

ಹಾಗಾದ್ರೆ ಔಷಧಿ ಯಾಕೆ ಇನ್ನೂ ಬಂದಿಲ್ಲ? ಕೊಲ್ಲುವುದಕ್ಕಿಂತ ತಲುಪಿಸುವುದು ಕಷ್ಟ. ಕ್ಯಾಲ್ಸಿಯಂನಂಥ ಲವಣಗಳಿದ್ದರೆ ಇದರ ಬಲ ಕುಗ್ಗುತ್ತದೆ. ಆಸ್ಟ್ರೇಲಿಯಾದ ಹೆಕ್ಸಿಮಾ ಕಂಪನಿ ಪೆಜಡೆಫ್ಟೈಡ್ ಎಂಬ ಇನ್ನೊಂದು ಸಸ್ಯ ಡಿಫೆನ್ಸಿನನ್ನು ಉಗುರಿನ ಸೋಂಕಿಗಾಗಿ ಎರಡನೇ ಹಂತದ ಮಾನವ ಪರೀಕ್ಷೆವರೆಗೂ ತಂದಿತ್ತು. 2022ರಲ್ಲಿ ಬಂದ ಫಲಿತಾಂಶ ನಿರೀಕ್ಷೆ ಮುಟ್ಟಲಿಲ್ಲ.

ಆದ್ದರಿಂದ ಇದನ್ನು ಕೇಳಿ ಯಾರೂ ಮೂಲಂಗಿ, ಸಾಸಿವೆ ಅರೆದು ಚರ್ಮಕ್ಕೆ ಹಚ್ಚಬೇಡಿ. ಸಾಸಿವೆಯ ಖಾರದಿಂದ ಚರ್ಮ ಸುಟ್ಟು ಬೊಬ್ಬೆ ಏಳಬಹುದು, ಪೆಪ್ಟೈಡಿನ ಪ್ರಮಾಣವೂ ಕೈಯಲ್ಲಿರೋದಿಲ್ಲ. ನಮ್ಮಂಥ ವಿದ್ಯಾರ್ಥಿಗಳು ಹಿಡಿಯಬೇಕಾದ ಪ್ರಶ್ನೆ ಇದು: ಬೆವರಿನ ಲವಣದ ನಡುವೆಯೂ ಬಲ ಕಳೆದುಕೊಳ್ಳದ ಡಿಫೆನ್ಸಿನ್ ಯಾವುದು? ಚರ್ಚೆಯನ್ನು ಅಲ್ಲಿಂದ ಶುರು ಮಾಡೋಣ.