ಹನಿಹನಿಯಲ್ಲಿ ರುಜು ಹಾಕುವ ಇಲಿ

ಅಟ್ಟದಲ್ಲಿ ಇಲಿ ಉಚ್ಚೆಯ ವಾಸನೆ ಬಂದರೆ ನಾವು ಮೂಗು ಮುಚ್ಚಿಕೊಂಡು ಫಿನಾಯಿಲ್ ಹುಡುಕುತ್ತೇವೆ. ಅದೇ ವಾಸನೆ ಇನ್ನೊಂದು ಇಲಿಗೆ ನಿಂತು ಓದಬೇಕಾದ ಸುದ್ದಿ. ನಾನು ಹೇಳುತ್ತಿರುವುದು ಹೆಗ್ಗಣದ ವಿಷಯವಲ್ಲ, ಅಕ್ಕಿ ಡಬ್ಬದ ಹಿಂದೆ ಸರ್ರನೆ ನುಸುಳುವ ಚಿಟ್ಟಿಲಿಯದು.

ನಮ್ಮ ಮೂತ್ರದಲ್ಲಿ ಪ್ರೋಟೀನ್ ಹೆಚ್ಚಾಗಿ ಕಂಡರೆ ಡಾಕ್ಟರು ಕಿಡ್ನಿಯ ಮೇಲೆ ಅನುಮಾನ ಪಡುತ್ತಾರೆ. ಗಂಡಿಲಿಯ ಮೂತ್ರದಲ್ಲಿ ಅದು ಧಾರಾಳವಾಗಿ ಇರಲೇಬೇಕು. ಅದರ ಲಿವರ್ ಇದಕ್ಕೆಂದೇ ಒಂದು ಜಾತಿಯ ಸಣ್ಣ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಇವುಗಳ ನಡುವೆ ಒಂದು ಪೊಳ್ಳು. ಬೇಗ ಆರಿಹೋಗುವ ವಾಸನೆಯ ಅಣುಗಳು ಆ ಪೊಳ್ಳಿನಲ್ಲಿ ಅವಿತು ಕೂತು, ಹನಿ ಒಣಗಿದ ಮೇಲೂ ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತವೆ. ಇಲಿ ಹೊರಟುಹೋದರೂ ಅದರ ಮಾತು ಅಲ್ಲೇ ಉಳಿಯುತ್ತದೆ. ಈ ಪ್ರೋಟೀನ್‌ಗಳಲ್ಲಿ ಹಲವು ಬಗೆ. ಪ್ರಯೋಗಾಲಯದ ಹೊರಗೆ ಬದುಕುವ ಇಲಿಗಳಲ್ಲಿ ಒಂದರ ಮಿಶ್ರಣ ಇನ್ನೊಂದರಲ್ಲಿ ಇರುವುದು ಅಪರೂಪ. ಹಾಗಾಗಿ ಪ್ರತಿ ಹನಿಯೂ ಒಂದು ರುಜು.

ಎಲ್ಲಿ ಹಾಕಬೇಕೆಂಬುದರಲ್ಲೂ ಲೆಕ್ಕಾಚಾರವಿದೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಂಜರದ ನೆಲಹಾಸನ್ನು ಅತಿನೇರಳೆ ಬೆಳಕಿನಲ್ಲಿ ಹಿಡಿದು ನೋಡಿದರು. ಯಜಮಾನ ಗಂಡಿಲಿ ನೆಲದ ತುಂಬ ಸಣ್ಣ ಸಣ್ಣ ಹನಿ ಚೆಲ್ಲಿತ್ತು. ಕಾದಾಡಿ ಸೋತದ್ದು ಮಾತ್ರ ಮೂಲೆಯ ಎರಡು ಮೂರು ಕಡೆ ಮುಗಿಸಿಕೊಂಡಿತ್ತು. ಸೋತವನಿಗೆ ಜಾಹೀರಾತು ಯಾಕೆ ಬೇಕು, ಹೇಳಿ!

ಇನ್ನು ಓದುವ ಬಗೆ. ಇಲಿಯ ಮೂಗಿನ ತಳದಲ್ಲಿ ಒಂದು ಸಣ್ಣ ಕೊಳವೆಯಂಥ ಅಂಗವಿದೆ. 1813ರಲ್ಲಿ ಡೆನ್ಮಾರ್ಕಿನ ಲುಡ್ವಿಗ್ ಯಾಕೋಬ್‌ಸನ್ ಅದನ್ನು ವರ್ಣಿಸಿದರು. ಅದರ ಪಕ್ಕದ ರಕ್ತನಾಳ ಹಿಗ್ಗಿ ಕುಗ್ಗಿದಾಗ ಅಂಗವು ದ್ರವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಗೆ ಹಾರದ ಪ್ರೋಟೀನನ್ನು ತಿಳಿಯಲು ಇಲಿ ಹನಿಗೆ ಮೂಗು ಮುಟ್ಟಿಸಲೇಬೇಕು.

ನನಗೆ ಅತಿ ಇಷ್ಟವಾದ ಸಂಗತಿ ಇಲ್ಲಿದೆ. ಆ ಪ್ರೋಟೀನ್‌ಗಳಲ್ಲಿ ಒಂದನ್ನು ಲಿವರ್‌ಪೂಲ್‌ನ ಜೇನ್ ಹರ್ಸ್ಟ್ ತಂಡ 2010ರಲ್ಲಿ ಗುರುತಿಸಿ, ಜೇನ್ ಆಸ್ಟಿನ್ ಕಾದಂಬರಿಯ ಡಾರ್ಸಿಯ ನೆನಪಿನಲ್ಲಿ ಡಾರ್ಸಿನ್ ಎಂದು ಕರೆಯಿತು. ಹೆಣ್ಣಿಲಿ ಒಮ್ಮೆ ಡಾರ್ಸಿನ್ ಇರುವ ಹನಿಗೆ ಮೂಗು ತಾಗಿಸಿದರೆ ಸಾಕು, ಆ ಗಂಡಿನ ಗಾಳಿಗೆ ಬರುವ ವಾಸನೆಯನ್ನೂ ಕಲಿತುಬಿಡುತ್ತದೆ. ಮುಂದೆ ದೂರದಿಂದ ಆ ವಾಸನೆ ಬಂದರೂ ಅತ್ತ ಸೆಳೆತ. ಮೊದಲು ಮುಟ್ಟದಿದ್ದರೆ ಅದೇ ವಾಸನೆಗೆ ಅದು ತಿರುಗಿಯೂ ನೋಡದು. ಹುಟ್ಟಿನಿಂದ ಬಂದ ಗುಣ ಇಲ್ಲಿ ಮೇಷ್ಟರ ಕೆಲಸ ಮಾಡುತ್ತದೆ.

ಓದು ಕೆಟ್ಟರೆ? 2002ರಲ್ಲಿ ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ತಂಡ ಈ ಅಂಗದ ಕೆಲಸಕ್ಕೆ ಬೇಕಾದ ಟಿಆರ್‌ಪಿಸಿ2 ಎಂಬ ಒಂದು ಜೀನ್ ಇಲ್ಲದ ಗಂಡಿಲಿಗಳನ್ನು ಪರೀಕ್ಷಿಸಿತು. ತಮ್ಮ ಜಾಗಕ್ಕೆ ನುಗ್ಗಿದ ಗಂಡಿನ ಮೇಲೆ ಅವು ಬೀಳಲಿಲ್ಲ. ಗಂಡು ಹೆಣ್ಣೆನ್ನದೆ ಎಲ್ಲರೊಡನೆ ಕೂಡಲು ಹೋದವು. ವಾಸನೆಯ ಪ್ರಭಾವ ಗರ್ಭದವರೆಗೂ ಇಳಿಯುತ್ತದೆ. ಆಗಷ್ಟೇ ಕೂಡಿದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಾಗಿದರೆ ಗರ್ಭ ನಿಲ್ಲದೆ ಹೋಗಬಹುದೆಂದು ಲಂಡನ್ನಿನ ಹಿಲ್ಡಾ ಬ್ರೂಸ್ 1959ರಲ್ಲೇ ತೋರಿಸಿದ್ದರು. ಕೂಡಿದ ಗಂಡಿನ ವಾಸನೆಗೆ ಹಾಗಾಗದು, ಹೆಣ್ಣು ಅದನ್ನು ನೆನಪಿಟ್ಟುಕೊಂಡಿರುತ್ತದೆ.

ಆ ಟಿಆರ್‌ಪಿಸಿ2 ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿ.