ತ್ರಿತ್ವ ನಿರಾಕರಣೆ: ಯೂನಿಟೇರಿಯನ್ ಮತದ ತಿರುಳು

ಕ್ರೈಸ್ತಮತದ ಬಹುತೇಕ ಶಾಖೆಗಳು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ಅಂಗೀಕರಿಸುತ್ತವೆ. ಇದನ್ನು ನಮ್ಮ ಪುರಾಣಗಳ ತ್ರಿಮೂರ್ತಿ ಕಲ್ಪನೆಯೊಡನೆ ಸಮೀಕರಿಸುವುದು ಸಾಧುವಲ್ಲ. ತ್ರಿತ್ವವಾದಿಗಳೂ ದೇವರು ಒಬ್ಬನೇ ಎನ್ನುವವರೇ. ಆದರೆ ಆ ಏಕತತ್ತ್ವದಲ್ಲಿ ಮೂವರು ವ್ಯಕ್ತಿಗಳುಂಟೆಂಬುದು ಅವರ ಸಿದ್ಧಾಂತ. ತತ್ತ್ವದಲ್ಲಿ ಒಬ್ಬನಾದ ದೇವರು ವ್ಯಕ್ತಿಯಾಗಿಯೂ ಒಬ್ಬನೇ ಎನ್ನುವವರು ಯೂನಿಟೇರಿಯನ್ನರು.

ಮಗನು ತಂದೆಯೊಡನೆ ಏಕತತ್ತ್ವದವನೆಂದು ಕ್ರಿ.ಶ. 325ರಲ್ಲಿ ನಿಸಿಯಾ ಸಭೆಯು ನಿರ್ಣಯಿಸಿತು. 'ತ್ರಿತ್ವ' ಎಂಬ ಶಬ್ದವೇ ಬೈಬಲಿನಲ್ಲಿಲ್ಲವೆಂದೂ, ಯೇಸು ತಾನೇ ತಂದೆಯನ್ನು ಪ್ರಾರ್ಥಿಸಿದ್ದರಿಂದ ಅವರಿಬ್ಬರನ್ನೂ ಒಂದೆನ್ನಲಾಗದೆಂದೂ ಯೂನಿಟೇರಿಯನ್ನರು ವಾದಿಸುತ್ತಾರೆ. ಶಬ್ದವಿಲ್ಲದಿದ್ದರೂ ಅರ್ಥವು ಅಲ್ಲಿದೆಯೆಂಬುದು ಪ್ರತಿಪಕ್ಷದ ಸಮಾಧಾನ.

ಈ ವಾದವು ಕೇವಲ ಶುಷ್ಕ ತರ್ಕವಾಗಿರಲಿಲ್ಲ. ಸ್ಪೇನಿನ ವೈದ್ಯ ಮೈಕೇಲ್ ಸರ್ವೆಟಸ್ 1531ರಲ್ಲಿ ತ್ರಿತ್ವವನ್ನು ಖಂಡಿಸಿ ಗ್ರಂಥ ಬರೆದನು. 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಅವನನ್ನು ಜೀವಂತವಾಗಿ ಸುಟ್ಟರು. ಯೇಸುವನ್ನು 'ಅನಾದಿಯಾದ ದೇವರ ಪುತ್ರ'ನೆಂದು ಕರೆದ ಅವನು, 'ದೇವರ ಅನಾದಿ ಪುತ್ರ'ನೆನ್ನಲು ಕೊನೆಯವರೆಗೂ ಒಪ್ಪಲಿಲ್ಲವೆಂದು ಪ್ರತೀತಿ. ವಿಶೇಷಣವೊಂದರ ಸ್ಥಾನಪಲ್ಲಟದಲ್ಲಿ ಎಂತಹ ಅರ್ಥಭೇದ ಅಡಗಿದೆಯೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದರಲ್ಲಿ ಅನಾದಿತ್ವವು ದೇವರದು, ಎರಡನೆಯದರಲ್ಲಿ ಪುತ್ರನದು.

ಇಂದು ರುಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾ ಪ್ರಾಂತದಲ್ಲಿ ಫೆರೆಂಟ್ಸ್ ದಾವಿದ್ ಈ ಮತವನ್ನು ಬೋಧಿಸಿದನು. ಶ್ರದ್ಧೆಯು ದೇವರ ವರವಾದುದರಿಂದ ಬೋಧನೆಗಾಗಿ ಯಾರನ್ನೂ ಪೀಡಿಸಕೂಡದೆಂದು 1568ರಲ್ಲಿ ಟೋರ್ಡಾ ಸಭೆಯು ಸಾರಿತು. ಆದರೂ ಅರಸೊತ್ತಿಗೆ ಬದಲಾದ ಮೇಲೆ, ಪ್ರಾರ್ಥನೆಯು ಯೇಸುವಿಗೆ ಸಲ್ಲದೆಂದ ದಾವಿದನನ್ನು ಸೆರೆಗೆ ತಳ್ಳಿದರು. 1579ರಲ್ಲಿ ಅವನು ದೇವಾ ಕೋಟೆಯ ಸೆರೆಯಲ್ಲಿಯೇ ತೀರಿಕೊಂಡನು. ಅವನು ಕಟ್ಟಿದ ಸಭೆಯು ಅಲ್ಲಿ ಇಂದಿಗೂ ಬಾಳುತ್ತಿದೆ.

ಭಾರತಕ್ಕೂ ಈ ವಿಚಾರ ಹೊಸದಲ್ಲ. 1821ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಆಡಂ ಮತ್ತು ರಾಜಾ ರಾಮಮೋಹನ ರಾಯರು ಯೂನಿಟೇರಿಯನ್ ಸಮಿತಿಯನ್ನು ಸ್ಥಾಪಿಸಿದರು. ಇಂದಿನ ಮೇಘಾಲಯದ ಜೋವಾಯಿಯಲ್ಲಿ 1887ರಲ್ಲಿ ಹಾಜೋಂ ಕಿಸ್ಸೋರ್ ಸಿಂಗ್ ಖಾಸಿ ಜನರ ನಡುವೆ ಈ ಮತದ ಸಭೆಯನ್ನು ಆರಂಭಿಸಿದರು.

ತ್ರಿತ್ವವನ್ನು ನಿರಾಕರಿಸುವುದೆಂದರೆ ಯೇಸುವನ್ನೇ ತಿರಸ್ಕರಿಸುವುದೆಂಬ ಭಾವನೆ ಸರಿಯಲ್ಲ. ಈ ಪರಂಪರೆಯ ಕ್ರೈಸ್ತರಿಗೆ ಯೇಸು ಪೂಜಿಸಬೇಕಾದ ದೇವರಲ್ಲ, ಅನುಸರಿಸಬೇಕಾದ ಗುರು. ಪೂಜೆಗಿಂತ ಅನುಸರಣೆ ಸುಲಭವೆಂದು ಅವರಾರೂ ಹೇಳಿಲ್ಲ. ದಾವಿದನ ಸೆರೆವಾಸವನ್ನು ನೆನೆದರೆ ಹಾಗೆ ಹೇಳುವಂತೆಯೂ ಇಲ್ಲ.